ಗಾಜು ಬಿಟ್ಟ ಫಾಸ್ಟ್ಯಾಗ್: ನಿಮಗಿದು ಗೊತ್ತೇ?

ಬಿಸಿಲಿಗೆ ಗಮ್ ಸಡಿಲಾಗಿ ಕಾರಿನ ಗಾಜಿನಿಂದ ಫಾಸ್ಟ್ಯಾಗ್ ಕಳಚಿ ಬಿದ್ದರೆ ಹೆಚ್ಚಿನವರು ಸೆಲ್ಲೋಟೇಪ್ ಹುಡುಕುತ್ತಾರೆ. ಇನ್ನು ಕೆಲವರು ಡ್ಯಾಶ್‌ಬೋರ್ಡಿನ ಮೇಲಿಟ್ಟುಕೊಂಡು, ಟೋಲ್ ಬಂದಾಗ ಎತ್ತಿ ಹಿಡಿಯುತ್ತಾರೆ. ಎರಡೂ ಬೇಡ!

● ಫಾಸ್ಟ್ಯಾಗ್‌ಗೆ ಬ್ಯಾಟರಿಯೇ ಇಲ್ಲ. ಒಂದು ಪುಟಾಣಿ ಚಿಪ್, ಅದಕ್ಕೆ ಸೇರಿದ ತೆಳು ಲೋಹದ ಆಂಟೆನಾ, ಅಷ್ಟೇ. ಟೋಲ್ ಗೇಟಿನ ರೀಡರ್ ಹೊಮ್ಮಿಸುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು, ಅದೇ ಅಲೆಯನ್ನು ಹಿಂದಕ್ಕೆ ಚಿಮ್ಮಿಸಿ ತನ್ನ ಸಂಖ್ಯೆ ತಿಳಿಸುತ್ತದೆ.

● ಈ ಆಂಟೆನಾ ಗಾಜಿಗೆ ಅಂಟಿಕೊಂಡಿದ್ದಾಗಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಕೈಯಲ್ಲಿ ಹಿಡಿದರೆ ನಮ್ಮ ದೇಹದ ನೀರಿನಂಶ ಅಲೆಗಳನ್ನು ಹೀರಿಕೊಳ್ಳುತ್ತದೆ. ಹತ್ತಿರ ಲೋಹವಿದ್ದರೂ ತೊಡಕೇ. ಹಿಂದಿನವರು ಹಾರ್ನ್ ಬಾರಿಸುತ್ತಿರುವಾಗ ನೀವು ಟ್ಯಾಗನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸುತ್ತಿರುವುದು ಇದರಿಂದಲೇ.

● ಕಿತ್ತರೆ ಆಂಟೆನಾ ಹರಿದುಹೋಗಬೇಕು ಎಂದೇ ಈ ಸ್ಟಿಕ್ಕರ್ ತಯಾರಾಗುತ್ತದೆ. ಒಂದು ಗಾಡಿಯ ಟ್ಯಾಗ್ ಇನ್ನೊಂದಕ್ಕೆ ಹೋಗಬಾರದಲ್ಲ! ಹಾಗಾಗಿ ನೋಡಲು ಸರಿಯಾಗಿದ್ದರೂ ಉದುರಿದ ಟ್ಯಾಗನ್ನು ನಂಬುವಂತಿಲ್ಲ. ಅಮೆರಿಕದ ಟೋಲ್ ಟ್ಯಾಗ್ ಈ-ಜೀಪಾಸ್ (E-ZPass) ಕತೆ ಬೇರೆ. ಅಲ್ಲಿ ಬ್ಯಾಟರಿಯಿರುವ ಪುಟ್ಟ ಡಬ್ಬಿಯನ್ನು ಕಚ್ಚಿಕೊಳ್ಳುವ ಪಟ್ಟಿಗಳಿಂದ ಗಾಜಿಗೆ ಕೂರಿಸುತ್ತಾರೆ. ಬಿದ್ದರೆ ಮತ್ತೆ ಅಂಟಿಸಬಹುದು.

● ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗನ್ನು ಬ್ಲ್ಯಾಕ್‌ಲಿಸ್ಟ್ ಮಾಡಲು ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲಿ ಕ್ರಮ ಬಿಗಿಗೊಳಿಸಿತು. ಟೋಲ್ ಸಿಬ್ಬಂದಿ ತಕ್ಷಣ ವರದಿ ಮಾಡಬೇಕು. ಇಷ್ಟು ಕಟ್ಟುನಿಟ್ಟು ಏಕೆ? ಕೆಲವು ರಸ್ತೆಗಳಲ್ಲಿ ಎಲ್ಲಿ ಒಳಬಂದಿರಿ, ಎಲ್ಲಿ ಹೊರಬಿದ್ದಿರಿ ಎಂಬ ಲೆಕ್ಕದ ಮೇಲೆ ಶುಲ್ಕ ಬೀಳುತ್ತದೆ. ಸಡಿಲ ಟ್ಯಾಗ್ ಇದ್ದವರು ಅಲ್ಲಿ ಅದಲುಬದಲು ಮಾಡಿ ದೂರವನ್ನೇ ಕಡಿಮೆ ತೋರಿಸಬಹುದು. ಗೇಟೇ ಇಲ್ಲದೆ ಕಮಾನಿನ ಮೇಲಿನ ಯಂತ್ರಗಳೇ ಶುಲ್ಕ ಕಡಿತ ಮಾಡುವ ಹೊಸ ವ್ಯವಸ್ಥೆಗಂತೂ ಗಾಜಿನ ಮೇಲೆ ನೆಟ್ಟಗೆ ಕೂತ ಟ್ಯಾಗೇ ಬೇಕು. ಮೋಸ ಮಾಡುವವರಿಂದಾಗಿ, ಗಮ್ ಬಿಟ್ಟಿತೆಂದು ಕೈಯಲ್ಲಿ ಹಿಡಿದವರಿಗೂ ಅದೇ ಶಿಕ್ಷೆ, ಏನು ಮಾಡುವುದು!

● 2025ರ ಆಗಸ್ಟ್ 15ರಂದು ಬಂದ ವಾರ್ಷಿಕ ಟೋಲ್ ಪಾಸಿಗೂ (ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು) ಗಾಜಿಗೆ ಸರಿಯಾಗಿ ಅಂಟಿಸಿದ ಟ್ಯಾಗೇ ಬೇಕು.

● ದುಡ್ಡು ಸ್ಟಿಕ್ಕರಿನೊಳಗಿಲ್ಲ! ಅದು ಬ್ಯಾಂಕಿನ ಖಾತೆಯಲ್ಲಿದೆ. ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪಿನಲ್ಲೋ ಸಹಾಯವಾಣಿಯಲ್ಲೋ ಬದಲಿ ಟ್ಯಾಗ್ ಕೇಳಿ. ಸಣ್ಣ ಶುಲ್ಕವಾಗಬಹುದು, ಉಳಿದ ಹಣ ಎಲ್ಲೂ ಹೋಗುವುದಿಲ್ಲ. ಟ್ಯಾಗ್ ಕಳೆದೇ ಹೋಗಿದ್ದರೆ ಮೊದಲು ಅದನ್ನು ಬ್ಲಾಕ್ ಮಾಡಿಸಿ.

● ಯಾವ ಬ್ಯಾಂಕಿನದು ಎಂದೇ ನೆನಪಿಲ್ಲವೇ? 2017ರ ಡಿಸೆಂಬರಿನಿಂದ ಹೊಸ ಕಾರಿಗೆ ಶೋರೂಮಿನಲ್ಲೇ ಟ್ಯಾಗ್ ಹಚ್ಚಿ ಕೊಡುವುದು ಕಡ್ಡಾಯ, ಹಾಗಾಗಿ ಹಲವರಿಗೆ ಇದು ಗೊತ್ತೇ ಇರುವುದಿಲ್ಲ. ಬ್ಯಾಂಕಿನ ಹೆಸರು ಟ್ಯಾಗಿನ ಮೇಲೇ ಅಚ್ಚಾಗಿರುತ್ತದೆ. ಟ್ಯಾಗ್ ಕೈಯಲ್ಲಿಲ್ಲದಿದ್ದರೆ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಬಹುದು.

● ಹೊಸದನ್ನು ಅಂಟಿಸುವ ಮುನ್ನ ಗಾಜಿನ ಒಳಬದಿಯ ಧೂಳು, ಎಣ್ಣೆ ಒರೆಸಿ ಪೂರ್ತಿ ಒಣಗಲು ಬಿಡಿ. ಜಾಗ: ಹಿನ್ನೋಟದ ಕನ್ನಡಿಯ ಹಿಂದೆ, ಗಾಜಿನ ಮೇಲ್ಭಾಗದ ನಡುವೆ. ಲೋಹದ ಅಂಶವಿರುವ ಸನ್‌ಫಿಲ್ಮ್ ಅಲ್ಲಿ ಬೇಡ. ಗಾಜನ್ನೇ ಬದಲಿಸಿದ್ದರೆ ಟ್ಯಾಗೂ ಹೊಸದೇ ಬೇಕು.

● ಟ್ಯಾಗ್ ಸರಿಯಿದ್ದು, ಖಾತೆಯಲ್ಲಿ ಸಾಕಷ್ಟು ಹಣವೂ ಇದ್ದು, ಕೆಟ್ಟಿರುವುದು ಟೋಲ್ ಗೇಟಿನ ಯಂತ್ರವೇ ಆಗಿದ್ದರೆ? ನೀವು ಏನೂ ಕಟ್ಟಬೇಕಿಲ್ಲ. 2018ರ ನಿಯಮದಂತೆ ಸೊನ್ನೆ ಮೊತ್ತದ ರಸೀದಿ ಕೊಟ್ಟು ಬಿಡಲೇಬೇಕು. ವಾದಕ್ಕೆ ನಿಂತರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಆದರೆ ಉದುರಿದ ಟ್ಯಾಗಿಗೆ ಈ ರಿಯಾಯಿತಿ ಕೇಳಬೇಡಿ, ಸಿಗದು.

● ಬದಲಿ ಟ್ಯಾಗ್ ಬರುವ ಮೊದಲೇ ಪ್ರಯಾಣ ಹೊರಡಬೇಕಾಯಿತೇ? 2025ರ ನವೆಂಬರ್ 15ರಿಂದ ಟ್ಯಾಗ್ ನಡೆಯದ ಗಾಡಿಗೆ ನಗದಾದರೆ ಎರಡು ಪಟ್ಟು, ಯುಪಿಐ ಆದರೆ ಒಂದೂಕಾಲು ಪಟ್ಟು. ಅಂದರೆ 100 ರೂಪಾಯಿ ಟೋಲಿಗೆ ನಗದಿನಲ್ಲಿ 200, ಯುಪಿಐಯಲ್ಲಿ 125. ನೋಟು ತೆಗೆಯಬೇಡಿ, ಫೋನ್ ತೆಗೆಯಿರಿ.