ಕುಣಿಗಲ್ ಮಗು, ಇಟಲಿ ಶಾಲೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯವರಿಗೆ ಊರು ಬಿಟ್ಟು ದುಡಿಯುವುದು ಹೊಸದಲ್ಲ. ತುಮಕೂರಿನಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರು. ಬೆಳಗಿನ ರೈಲಿಗೆ ಹೋಗಿ ರಾತ್ರಿ ಹಿಂದಿರುಗುವವರು ಬೀದಿಗೆ ನಾಲ್ಕು ಮಂದಿ ಸಿಗುತ್ತಾರೆ. ಹೀಗೆ ಹೋಗಿಬರುವವರ ಮಕ್ಕಳು ಮಾತ್ರ ಊರಲ್ಲೇ ಬೆಳೆಯುತ್ತಾರೆ. ಅಜ್ಜಿಯ ಕೈತುತ್ತು, ಪಕ್ಕದ ಬೀದಿಯ ಗೆಳೆಯರು, ಸಂಜೆಯ ಆಟ ಯಾವುದೂ ತಪ್ಪುವುದಿಲ್ಲ.

ಈಗ ಹೋಗುವ ದೂರ ಹೆಚ್ಚಿದೆ. ಎಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು ಹೊರದೇಶದ ವಿಶ್ವವಿದ್ಯಾಲಯಗಳ ಪಟ್ಟಿ ಹಿಡಿದು ಕೂತರೆ ಅದರಲ್ಲಿ ಇಟಲಿಯ ಹೆಸರೂ ಇರುತ್ತದೆ. ಕಾರಣ ಸರಳ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಮನೆಯ ಆದಾಯವನ್ನು ನೋಡಿ ಶುಲ್ಕ ನಿಗದಿ ಮಾಡುತ್ತವೆ. ಪ್ರಾಂತೀಯ ಸರ್ಕಾರಗಳು ವಿದ್ಯಾರ್ಥಿ ವೇತನವನ್ನೂ ಕೊಡುತ್ತವೆ. ಓದಲು ಹೋದವರಲ್ಲಿ ಕೆಲವರು ಕೆಲಸ ಹಿಡಿದು ಅಲ್ಲೇ ನಿಲ್ಲುತ್ತಾರೆ, ಮದುವೆಯಾಗುತ್ತಾರೆ. ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಅಲ್ಲಿನ ತಾಯಿತಂದೆಗೂ ಇಲ್ಲಿನ ಅಜ್ಜಿತಾತನಿಗೂ ಒಂದೇ ಚಿಂತೆ: ಮಗು ಹೇಗೆ ಬೆಳೆಯುತ್ತದೆ, ಯಾರಂತೆ ಬೆಳೆಯುತ್ತದೆ?

ಇಟಲಿಯಲ್ಲಿ ನೆಲೆಸಿರುವ ಭಾರತೀಯರು ಒಂದೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಪಂಜಾಬಿಗಳು. ಉತ್ತರದ ಪೋ ನದಿಯ ಬಯಲಿನಲ್ಲಿ ಹಸು ಸಾಕಣೆಯ ಕೆಲಸ ಅವರ ಕೈಯಲ್ಲೇ ನಡೆಯುತ್ತದೆ ಎಂದರೂ ತಪ್ಪಲ್ಲ. ಅವರಿಗೆ ಗುರುದ್ವಾರವಿದೆ, ಹಬ್ಬಕ್ಕೆ ಸೇರುವ ಬಳಗವಿದೆ. ಕನ್ನಡದ ಕುಟುಂಬಕ್ಕೆ ಅಂಥ ಆಸರೆ ಸುಲಭಕ್ಕೆ ಸಿಗದು. ಇಡೀ ಬೀದಿಗೆ ತಾನೊಂದೇ ಕನ್ನಡದ ಮನೆ ಎಂಬ ಸ್ಥಿತಿಯಲ್ಲಿ ಮಗುವನ್ನು ಬೆಳೆಸಬೇಕು.

ಬೋರ್ಡಿನ ಮೇಲಿನ ಹೆಸರು

ಹಾಗೆ ನೋಡಿದರೆ ಇಟಲಿಯ ಶಾಲೆ ನಮ್ಮ ಊರುಗಳಿಗೆ ಅಪರಿಚಿತವೇನಲ್ಲ. ಶಿಶುವಿಹಾರಗಳ ಬೋರ್ಡುಗಳ ಮೇಲೆ ಕಾಣುವ ‘ಮಾಂಟೆಸರಿ’ ಒಬ್ಬ ಇಟಲಿಯ ಹೆಂಗಸಿನ ಹೆಸರು. ಮರಿಯಾ ಮಾಂಟೆಸರಿ ಹುಟ್ಟಿದ್ದು 1870ರಲ್ಲಿ. 1896ರಲ್ಲಿ ರೋಮ್‌ನಲ್ಲಿ ವೈದ್ಯ ಪದವಿ ಪಡೆದರು. ಆ ನಗರದ ಸಾನ್ ಲೊರೆಂಜೊ ಎಂಬ ಕೂಲಿಕಾರರ ಬಡಾವಣೆಯಲ್ಲಿ 1907ರ ಜನವರಿ 6ರಂದು ಐವತ್ತರಷ್ಟು ಮಕ್ಕಳಿಗಾಗಿ ‘ಮಕ್ಕಳ ಮನೆ’ ತೆರೆದರು. ಮಗುವಿನ ಕೈಗೆ ಕೆಲಸ ಕೊಡಿ, ಅದರ ಪಾಡಿಗೆ ಅದು ಮುಗಿಸಲಿ, ಅವಸರ ಮಾಡಬೇಡಿ ಎಂಬುದು ಅವರ ವಿಧಾನದ ಸಾರ.

1939ರಲ್ಲಿ ಅವರು ಮಗ ಮಾರಿಯೋ ಜೊತೆ ಮದರಾಸಿನ ಅಡ್ಯಾರ್‌ಗೆ ಬಂದರು. ಮರುವರ್ಷ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷ್ ಸರ್ಕಾರದ ಕಣ್ಣಿಗೆ ತಾಯಿಮಗ ಇಬ್ಬರೂ ಶತ್ರುದೇಶದವರಾದರು. ಮಗನನ್ನು ಬಂಧನದಲ್ಲಿಟ್ಟು, ತಾಯಿಯ 70ನೆಯ ಹುಟ್ಟುಹಬ್ಬದ ದಿನ, 1940ರ ಆಗಸ್ಟ್ 31ರಂದು ಬಿಟ್ಟರು. ಮುಂದೆ ಅಡ್ಯಾರ್, ಕೊಡೈಕನಾಲ್ ಎಂದು ಇದ್ದುಕೊಂಡು ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. ನಮ್ಮಲ್ಲಿ ಈ ಹೆಸರು ಬೇರೂರಿದ್ದು ಹೀಗೆ.

ಈ ಹೆಸರನ್ನು ಬೋರ್ಡಿನ ಮೇಲೆ ಯಾರು ಬೇಕಾದರೂ ಬರೆಸಬಹುದು. ಹೆಸರು ಮಾಂಟೆಸರಿ, ಒಳಗೆ ಮೂರು ವರ್ಷದ ಮಗುವಿಗೆ ನಾಲ್ಕು ಗೆರೆ ಪುಸ್ತಕದ ಹೋಂವರ್ಕು! ಇಟಲಿಗೆ ಹೋದವರಿಗೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ಅಲ್ಲಿ ಮಾಂಟೆಸರಿ ಶಾಲೆಗಳು ಕೆಲವೇ ಕೆಲವು. ಹೆಚ್ಚಿನ ಮಕ್ಕಳು ಹೋಗುವುದು ಸಾಮಾನ್ಯ ಸರ್ಕಾರಿ ಶಾಲೆಗೆ. ಮೂರರಿಂದ ಆರು ವರ್ಷದವರೆಗಿನ ಶಿಶುಶಾಲೆಯಲ್ಲಿ ಆಟ, ಹಾಡು, ಬಣ್ಣ, ಮಣ್ಣು ಇಷ್ಟೇ. ಅಕ್ಷರಾಭ್ಯಾಸ ಶುರುವಾಗುವುದು ಒಂದನೆಯ ತರಗತಿಯಲ್ಲಿ, ಮಗು ಆರಕ್ಕೆ ಕಾಲಿಟ್ಟಾಗ.

ಇದೇ ಆರರ ಲೆಕ್ಕಕ್ಕೆ ನಮ್ಮಲ್ಲಿ ಎಷ್ಟು ಗಲಾಟೆಯಾಯಿತೆಂಬುದು ಪೋಷಕರಿಗೆ ನೆನಪಿರಬಹುದು. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಅದು ಜಾರಿಗೆ ಬರಬೇಕಿದ್ದ 2025ರಲ್ಲಿ ಪೋಷಕರ ಒತ್ತಾಯಕ್ಕೆ ಮಣಿದು ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಒಂದು ವರ್ಷ ಹಿಂದೆ ಬಿದ್ದರೆ ಬದುಕೇ ಹಿಂದೆ ಬಿದ್ದಂತೆ ಎಂಬ ಭಯ ನಮ್ಮದು.

ಒದ್ದೆ ತಲೆ, ತಣ್ಣನೆ ಗಾಳಿ

ಮನೆಯೊಳಗಿನ ಕ್ರಮಕ್ಕೆ ಬಂದರೆ ಇಟಲಿ ಇನ್ನಷ್ಟು ಹತ್ತಿರವಾಗುತ್ತದೆ. ‘ತಲೆ ಒದ್ದೆ ಇಟ್ಟುಕೊಂಡು ಹೊರಗೆ ಹೋಗಬೇಡ’, ‘ಬೆವರಿದ ಮೈಗೆ ಗಾಳಿ ತಾಗೀತು’ ಎಂದು ಕುಣಿಗಲ್ಲಿನ ಅಜ್ಜಿ ಗದರುವುದನ್ನು ಇಟಲಿಯ ತಾಯಿಯೂ ಗದರುತ್ತಾಳೆ. ಗಾಳಿ ತಾಗುವ ಕಾಯಿಲೆಗೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆ: ‘ಕೊಲ್ಪೊ ದಾರಿಯಾ’, ಗಾಳಿಯ ಪೆಟ್ಟು. ಮಗುವಿಗೆ ಅಂಗಿಯ ಒಳಗೊಂದು ಬನಿಯನ್ ಇರಲೇಬೇಕು. ಉಂಡ ತಕ್ಷಣ ನೀರಿಗೆ ಇಳಿಯಬಾರದು.

ಅಜ್ಜಿಗೆ ಅಲ್ಲಿ ‘ನೊನ್ನಾ’, ತಾತನಿಗೆ ‘ನೊನ್ನೊ’. ತಾಯಿತಂದೆ ಇಬ್ಬರೂ ದುಡಿಯುವ ಮನೆಗಳಲ್ಲಿ ಮಗುವನ್ನು ಶಾಲೆಯಿಂದ ಕರೆತಂದು ಉಣ್ಣಿಸುವವರು ಹೆಚ್ಚಾಗಿ ಅವರೇ. ಅಜ್ಜಿತಾತಂದಿರಿಗೆಂದು ಅಕ್ಟೋಬರ್ 2ನ್ನು 2005ರಲ್ಲಿ ಕಾನೂನು ಮಾಡಿಯೇ ಮೀಸಲಿಟ್ಟ ದೇಶ ಅದು. ಮಕ್ಕಳಿಗೆ ಬೇರೆ ಊಟ, ಬೇಗನೆ ನಿದ್ದೆ ಎಂಬ ಕಟ್ಟುನಿಟ್ಟು ಕಡಿಮೆ. ರಾತ್ರಿ ಎಂಟಕ್ಕೆ ದೊಡ್ಡವರ ಜೊತೆ ಒಂದೇ ಮೇಜಿಗೆ ಕೂತು ಉಣ್ಣುತ್ತವೆ, ದೊಡ್ಡವರ ಮಾತಿಗೆ ಮಾತು ಸೇರಿಸುತ್ತವೆ. ಬೇಸಿಗೆ ರಜೆ ಜೂನ್‌ನಿಂದ ಸೆಪ್ಟೆಂಬರ್ ನಡುವಿನವರೆಗೆ, ಹೆಚ್ಚು ಕಡಿಮೆ ಮೂರು ತಿಂಗಳು.

ಅಜ್ಜಿಯ ಮನೆಯ ರಜೆಯನ್ನು ಬೇಸಿಗೆ ಶಿಬಿರಕ್ಕೂ, ಸಂಜೆಯ ಆಟವನ್ನು ಟ್ಯೂಷನ್ನಿಗೂ ಕೊಟ್ಟುಬಿಟ್ಟ ನಮ್ಮ ಮನೆಗಳಿಗೆ ಇದೆಲ್ಲ ನಿನ್ನೆಯ ಗುಬ್ಬಿಯನ್ನು ನೋಡಿದಂತೆ ಕಂಡರೆ ಆಶ್ಚರ್ಯವಿಲ್ಲ. ಕೊರತೆ ಒಂದೇ. ನಮ್ಮ ಮಗುವಿನ ಅಜ್ಜಿ ಆರೂವರೆ ಸಾವಿರ ಕಿಲೋಮೀಟರಿಗೂ ಆಚೆ ಇರುತ್ತಾಳೆ.

ಶಾಲೆಯ ಬಾಗಿಲಲ್ಲಿ

ಕುಣಿಗಲ್ಲಿನ ಒಂದು ಕುಟುಂಬ ಎಂಟು ವರ್ಷದ ಮಗನೊಂದಿಗೆ ಟೊರಿನೊ ನಗರಕ್ಕೆ ಹೋಯಿತೆನ್ನಿ. ಭಾಷೆ ಬಾರದ ಹುಡುಗನನ್ನು ಯಾವ ತರಗತಿಗೆ ಹಾಕುತ್ತಾರೆ? ನಿಯಮದ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ. ಆರರಿಂದ ಹದಿನಾರು ಶಿಕ್ಷಣ ಕಡ್ಡಾಯ. ತಾಯಿತಂದೆಯ ಕಾಗದಪತ್ರ ಹೇಗೇ ಇರಲಿ, ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲವೆಂದು 1999ರ ನಿಯಮಾವಳಿ ಹೇಳುತ್ತದೆ. ಐದು ವರ್ಷ ಪ್ರಾಥಮಿಕ, ಮೂರು ವರ್ಷ ಮಾಧ್ಯಮಿಕ, ಐದು ವರ್ಷ ಪ್ರೌಢ ಎಂಬುದು ಅಲ್ಲಿನ ಲೆಕ್ಕ.

ಪೋಷಕರು ಮೊದಲೇ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. 2017ರ ಕಾನೂನಿನಂತೆ ಹತ್ತು ಲಸಿಕೆಗಳು ಕಡ್ಡಾಯ. ಲಸಿಕೆಯಿಲ್ಲದ ಮಗುವಿಗೆ ಶಿಶುಶಾಲೆಯ ಬಾಗಿಲು ತೆರೆಯದು. ಆದ್ದರಿಂದ ಇಲ್ಲಿಂದ ಹೊರಡುವಾಗ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಗಿಂತ ಮೊದಲು ಲಸಿಕೆ ಕಾರ್ಡು ಇರಲಿ. ಪೂರ್ಣ ದಿನದ ಶಾಲೆಗಳಲ್ಲಿ ಮಧ್ಯಾಹ್ನದ ಊಟವೂ ಅಲ್ಲೇ. ಮಾಂಸ ತಿನ್ನದ ಮಗುವಿಗೆ ಬೇರೆ ಊಟ ಬೇಕಾದರೆ ಮುಂಚೆಯೇ ಬರೆದುಕೊಡಬೇಕು. ಸಾಲಾಗಿ ಕೂತು ಉಣ್ಣುವುದರಲ್ಲಿ ನಮ್ಮ ಮಕ್ಕಳಿಗೆ ಹೊಸದೇನಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಶಿವಕುಮಾರ ಸ್ವಾಮೀಜಿ 2019ರಲ್ಲಿ ತೀರಿಕೊಂಡರು. ಆ ಪಂಕ್ತಿ ಇಂದಿಗೂ ನಡೆಯುತ್ತಿದೆ.

ಶಾಲೆ ಬಿಟ್ಟಾಗ ಮಗುವನ್ನು ಕರೆದೊಯ್ಯಲು ದೊಡ್ಡವರು ಬರಬೇಕು. ಹದಿನಾಲ್ಕರೊಳಗಿನವರು ಒಬ್ಬರೇ ಮನೆಗೆ ಹೋಗಬೇಕಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಗೋಡೆಯ ಮೇಲೆ ಶಿಲುಬೆ ಇರುತ್ತದೆ. ಅದನ್ನು ತೆಗೆಸಲು ಹೋದ ಮೊಕದ್ದಮೆಯಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2011ರಲ್ಲಿ ಇಟಲಿ ಸರ್ಕಾರದ ಪರ ತೀರ್ಪು ಕೊಟ್ಟಿತು. ಆದರೆ ಕ್ಯಾಥೊಲಿಕ್ ಧರ್ಮದ ಪಾಠ ಐಚ್ಛಿಕ. ಬೇಡವೆಂದರೆ ಪ್ರವೇಶದ ಅರ್ಜಿಯಲ್ಲೇ ಗುರುತು ಹಾಕಬಹುದು.

ಇನ್ನೊಂದು ಸಂಗತಿ ನಮ್ಮವರು ಕಲಿಯಬೇಕಾದ್ದು. ಅಂಗವಿಕಲ ಮಕ್ಕಳಿಗೆ ಪ್ರತ್ಯೇಕ ತರಗತಿ ಇಡುವ ಪದ್ಧತಿಯನ್ನು ಇಟಲಿ 1977ರಲ್ಲಿಯೇ ಕೈಬಿಟ್ಟಿತು. ಅವರು ಎಲ್ಲರ ಜೊತೆ ಕೂರುತ್ತಾರೆ, ನೆರವಿಗೆ ಇನ್ನೊಬ್ಬ ಶಿಕ್ಷಕರು ಇರುತ್ತಾರೆ.

ಬಾಯಿಬಿಟ್ಟು ಹೇಳುವ ಪರೀಕ್ಷೆ

ನಮ್ಮ ಮಕ್ಕಳು ನಿಜವಾಗಿ ಬೆವರುವುದು ಮೌಖಿಕ ಪರೀಕ್ಷೆಗೆ. ಇಟಲಿಯ ಶಾಲೆಗಳಲ್ಲಿ ಬರವಣಿಗೆಯಷ್ಟೇ ತೂಕ ಬಾಯಿಮಾತಿಗಿದೆ. ಮೇಷ್ಟರು ಹೆಸರು ಕೂಗಿ ಎಬ್ಬಿಸುತ್ತಾರೆ. ಇಡೀ ತರಗತಿಯ ಎದುರು ಪಾಠವನ್ನು ಸ್ವಂತ ಮಾತಿನಲ್ಲಿ ವಿವರಿಸಬೇಕು. ಶಾಲೆಯ ಕೊನೆಯ ಪರೀಕ್ಷೆ ‘ಮತುರಿತಾ’ದಲ್ಲೂ ಈ ಮೌಖಿಕ ಇದ್ದೇ ಇದೆ. ಗೈಡು ಉರುಹೊಡೆದು ಹತ್ತು ಅಂಕದ ಉತ್ತರ ಬರೆಯುವ ಜಾಣನಿಗೆ ಇಲ್ಲಿ ನಾಲಿಗೆ ಒಣಗುತ್ತದೆ.

ಮಾತಿನ ಈ ವಿದ್ಯೆ ಗುಬ್ಬಿಗೆ ಗೊತ್ತಿತ್ತು. 1884ರಲ್ಲಿ ಶುರುವಾಗಿ ಮುಂದೆ ಗುಬ್ಬಿ ವೀರಣ್ಣನವರ ಹೆಸರಿನಿಂದಲೇ ನಾಡಿಗೆಲ್ಲ ಪರಿಚಿತವಾದ ನಾಟಕ ಕಂಪನಿಯಲ್ಲಿ ಕಲಾವಿದರ ಮಕ್ಕಳು ಊರೂರು ಅಲೆಯುತ್ತಲೇ ಬೆಳೆದರು. ತಂದೆ ಪುಟ್ಟಸ್ವಾಮಯ್ಯನವರ ಜೊತೆ ಆ ಕಂಪನಿಯಲ್ಲಿ ಬೆಳೆದ ಹುಡುಗನೇ ಮುಂದೆ ಡಾ. ರಾಜಕುಮಾರ್ ಆದರು. ಶಾಲೆಯಲ್ಲಿ ಓದಿದ್ದು ಕೆಲವೇ ವರ್ಷವಾದರೂ ಅವರ ಕನ್ನಡದ ಸ್ಪಷ್ಟತೆಗೆ ತಲೆದೂಗದವರಿಲ್ಲ.

ಆದರೆ ಬಾಯಿಮಾತಿನ ಪರೀಕ್ಷೆಗೆ ಒಂದು ಕೆಟ್ಟ ಮುಖವೂ ಇದೆ. ಮನೆಯಲ್ಲಿ ಶುದ್ಧ ಭಾಷೆ ಕೇಳಿ ಬೆಳೆದ ಮಗು ಗೆಲ್ಲುತ್ತದೆ, ಉಳಿದದ್ದು ತಡವರಿಸುತ್ತದೆ. ಫ್ಲಾರೆನ್ಸ್ ಬಳಿಯ ಬೆಟ್ಟದ ಹಳ್ಳಿ ಬಾರ್ಬಿಯಾನಾದಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ ಬಡ ರೈತರ ಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದರು. ಆ ಮಕ್ಕಳು ಸೇರಿ 1967ರಲ್ಲಿ ಶಿಕ್ಷಕಿಯೊಬ್ಬರಿಗೆ ಬರೆದ ಕಾಗದದ ರೂಪದ ಪುಸ್ತಕವೊಂದು ಇಟಲಿಯನ್ನೇ ಅಲುಗಾಡಿಸಿತು. ಬಡವರ ಮಕ್ಕಳನ್ನೇ ಫೇಲು ಮಾಡಿ ಹೊರದೂಡುವ ಶಾಲೆ ಯಾರದು ಎಂಬುದು ಅವರ ಪ್ರಶ್ನೆ. ಇಂದು ಆ ಪ್ರಶ್ನೆ ವಲಸೆ ಬಂದವರ ಮಕ್ಕಳದಾಗಿದೆ. ನಮ್ಮಲ್ಲಿ ಹತ್ತನೆಯ ತರಗತಿಯ ನಂತರ ಬರುವ ಕವಲು ಅಲ್ಲಿ ಹದಿನಾಲ್ಕಕ್ಕೇ ಬರುತ್ತದೆ. ವಿಶ್ವವಿದ್ಯಾಲಯದ ದಾರಿಯಾದ ‘ಲಿಚೆಯೊ’ಗಿಂತ ತಾಂತ್ರಿಕ, ವೃತ್ತಿ ಶಾಲೆಗಳ ಕಡೆಗೇ ಈ ಮಕ್ಕಳು ಹೆಚ್ಚಾಗಿ ತಿರುಗುತ್ತಾರೆ. ಮಗು ಜಾಣ, ಭಾಷೆ ಸಾಲದು ಎಂಬಲ್ಲಿ ಪೋಷಕರು ಎಚ್ಚರವಾಗಿರಬೇಕು.

ಮಗುವೇ ದುಭಾಷಿ

ಒಂದೆರಡು ವರ್ಷದಲ್ಲಿ ಮಗು ಇಟಾಲಿಯನ್ ಕಲಿತುಬಿಡುತ್ತದೆ. ಬರೆದಂತೆ ಓದುವ, ಸ್ವರದಲ್ಲಿ ಮುಗಿಯುವ, ಒತ್ತಕ್ಷರಕ್ಕೆ ಒತ್ತು ಕೊಡುವ ಆ ಭಾಷೆ ಕನ್ನಡದ ಕಿವಿಗೆ ಕಷ್ಟವಲ್ಲ. ಕಷ್ಟವಾಗುವುದು ತಾಯಿತಂದೆಗೆ. ಶಾಲೆಯ ಸಭೆಯಲ್ಲಿ, ವೈದ್ಯರ ಬಳಿ, ಪುರಸಭೆಯ ಕಚೇರಿಯಲ್ಲಿ ಹತ್ತು ವರ್ಷದ ಮಗು ದುಭಾಷಿಯಾಗುತ್ತದೆ. ಅಂಕಪಟ್ಟಿಯನ್ನು ಅಪ್ಪನಿಗೆ ಮಗುವೇ ಓದಿ ಹೇಳುವ ಮನೆಯಲ್ಲಿ ಹಿರಿಯರು ಯಾರು, ಕಿರಿಯರು ಯಾರು? ಹೊರಡುವ ಮೊದಲೇ ಇಟಾಲಿಯನ್ ಕಲಿಯಬೇಕಾದವರು ಮಗುವಿಗಿಂತ ಹೆಚ್ಚಾಗಿ ತಾಯಿತಂದೆಯೇ.

ಹದಿನೆಂಟಕ್ಕೆ ಇನ್ನೊಂದು ಕವಲು. 1992ರ ಕಾನೂನಿನಂತೆ ಇಟಲಿಯಲ್ಲೇ ಹುಟ್ಟಿ ಎಡೆಬಿಡದೆ ಅಲ್ಲೇ ಬೆಳೆದ ವಿದೇಶಿ ದಂಪತಿಯ ಮಗು ಹದಿನೆಂಟು ತುಂಬಿದ ಮೇಲೆ ಒಂದು ವರ್ಷದೊಳಗೆ ಪೌರತ್ವ ಕೇಳಿಕೊಳ್ಳಬಹುದು. ದೊಡ್ಡವರಿಗಾದರೆ ಹತ್ತು ವರ್ಷದ ವಾಸ ಬೇಕು. ಅದನ್ನು ಐದಕ್ಕೆ ಇಳಿಸಲು 2025ರ ಜೂನ್‌ನಲ್ಲಿ ನಡೆದ ಜನಮತಗಣನೆ ಸಾಕಷ್ಟು ಮತದಾನವಾಗದೆ ಬಿದ್ದುಹೋಯಿತು. ಇಟಲಿಯ ಪೌರತ್ವ ಪಡೆದರೆ ಭಾರತದ್ದು ಹೋಗುತ್ತದೆ, ಎರಡೂ ಇಟ್ಟುಕೊಳ್ಳಲು ನಮ್ಮ ಸಂವಿಧಾನ ಬಿಡುವುದಿಲ್ಲ.

ಕಾಗದದ ಪೌರತ್ವವನ್ನು ಸರ್ಕಾರಗಳು ಕೊಡುತ್ತವೆ. ಕನ್ನಡವನ್ನು ಕೊಡಲು ಮನೆಯವರನ್ನು ಬಿಟ್ಟರೆ ಅಲ್ಲಿ ಬೇರೆ ಯಾರೂ ಇಲ್ಲ. ಶಾಲೆಯಲ್ಲಿ ಹಿಂದೆ ಬೀಳದಿರಲೆಂದು ಮನೆಯಲ್ಲೂ ಅರೆಬರೆ ಇಟಾಲಿಯನ್ ಆಡುವುದು ಹಲವರು ಮಾಡುವ ತಪ್ಪು. ಶಾಲೆಯ ಭಾಷೆಯನ್ನು ಶಾಲೆಯೇ ಕಲಿಸುತ್ತದೆ. ಮನೆಯಲ್ಲಿ ಕನ್ನಡ ಬಿಟ್ಟರೆ ಮಗು ಗುಬ್ಬಿಯ ಅಜ್ಜಿಯೊಂದಿಗೆ ಫೋನಿನಲ್ಲಿ ‘ಊಟ ಆಯ್ತಾ’ ಎಂಬುದಕ್ಕಿಂತ ಮುಂದೆ ಹೋಗಲಾರದು. ಮಾತಿನ ಜೊತೆ ಅಕ್ಷರವೂ ಬೇಕು. ಊರಿಗೆ ಹಿಂದಿರುಗುವ ದಿನ ಬಂದರೆ, 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ಇಲ್ಲಿನ ಶಾಲೆಯಲ್ಲಿ ಕನ್ನಡ ಓದಬೇಕಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಸಾಕು: ಒಂದು ಕಥೆ, ನಾಲ್ಕು ಸಾಲು ಬರವಣಿಗೆ, ಮಲಗುವಾಗ ಕುಣಿಗಲ್ ಕೆರೆಯ ಜನಪದ ಹಾಡು. ಆ ಮೂರು ತಿಂಗಳ ರಜೆಯಲ್ಲಿ ಒಂದು ತಿಂಗಳಾದರೂ ಕೆರೆಯ ಏರಿಯ ಮೇಲೆ ಮಗುವನ್ನು ನಡೆಸಿಕೊಂಡು ಹೋದರೆ ಹಾಡಿನ ಅರ್ಥ ತಾನಾಗಿ ತಿಳಿಯುತ್ತದೆ.

ಊರು ಬಿಡದ ಪೋಷಕರೂ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು. ಮನೆಯ ಭಾಷೆ, ಅಜ್ಜಿಯ ಜೊತೆಗಿನ ರಜೆ, ಒಟ್ಟಿಗೆ ಕೂತು ಉಣ್ಣುವ ರಾತ್ರಿಯೂಟ, ಆರರವರೆಗೆ ಆಟ. ಟೊರಿನೊದ ಕನ್ನಡ ಮನೆಯವರು ಇವನ್ನು ಉಳಿಸಿಕೊಳ್ಳಲು ಒದ್ದಾಡಬೇಕು. ತುಮಕೂರಿನಲ್ಲಿ ಇವೆಲ್ಲ ಕೈಗೆಟುಕುವಷ್ಟು ಹತ್ತಿರದಲ್ಲಿವೆ.