ಗಾಲಿಮನೆಗಳ ತಂಗುದಾಣಕ್ಕೆ ನಿಸ್ತಂತು ಅಂತರ್ಜಾಲ: ಗೋಪುರ ಎತ್ತರಿಸಿದರೆ ಸಾಲದು

ಬೇಸಿಗೆ ರಜೆ ಬಂತೆಂದರೆ ಅಮೆರಿಕದಲ್ಲಿ ಅಸಂಖ್ಯ ಕುಟುಂಬಗಳು ಗಾಲಿಯ ಮೇಲಿನ ಮನೆಯೊಂದಿಗೆ ಪ್ರವಾಸ ಹೊರಡುತ್ತವೆ. ಅಡುಗೆಮನೆ, ಹಾಸಿಗೆ, ಸ್ನಾನದ ಕೋಣೆಗಳನ್ನೆಲ್ಲ ಒಳಗೊಂಡ ಇಂಥ ವಾಹನಕ್ಕೆ ಅಲ್ಲಿ ‘ರಿಕ್ರಿಯೇಷನಲ್ ವೆಹಿಕಲ್’, ಚುಟುಕಾಗಿ ‘ಆರ್‌ವಿ’ ಎಂದು ಹೆಸರು. ಇವು ರಾತ್ರಿ ತಂಗಲೆಂದೇ ನೀರು, ವಿದ್ಯುತ್, ಒಳಚರಂಡಿ ಸಂಪರ್ಕವುಳ್ಳ ತಂಗುದಾಣಗಳಿವೆ. 1962ರಲ್ಲಿ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್‌ನಲ್ಲಿ ಆರಂಭವಾದ ‘ಕ್ಯಾಂಪ್‌ಗ್ರೌಂಡ್ಸ್ ಆಫ್ ಅಮೆರಿಕ’ ಇಂಥ ತಾಣಗಳ ಹೆಸರಾಂತ ಸರಪಳಿ.

ಈ ಮೂರು ಸೌಕರ್ಯಗಳ ಸಾಲಿಗೆ ಈಗ ಅಂತರ್ಜಾಲವೂ ಸೇರಿದೆ. ವಾಹನದಲ್ಲೇ ಕುಳಿತು ಕಚೇರಿ ಕೆಲಸ ಮಾಡುವವರಿಗೆ ಅದು ಜೀವನೋಪಾಯ. ಮೊಬೈಲ್ ಸಂಕೇತ ತಲುಪದ ಕಣಿವೆಗಳಲ್ಲಿ ಮನೆಯವರೊಡನೆ ಮಾತನಾಡಲು, ಬಿರುಗಾಳಿಯ ಮುನ್ಸೂಚನೆ ತಿಳಿಯಲು ವೈ-ಫೈ ಒಂದೇ ದಾರಿಯಾಗಿರುವುದೂ ಉಂಟು. ಆದ್ದರಿಂದ ಮಾಲೀಕರು ಕಚೇರಿಯ ಮೇಲೊಂದು ಎತ್ತರದ ಕಂಬ ನಿಲ್ಲಿಸಿ, ಶಕ್ತಿಶಾಲಿ ಆಂಟೆನಾ ಕಟ್ಟಿ ನಿಶ್ಚಿಂತರಾಗುತ್ತಾರೆ. ಆದರೆ ದೂರುಗಳು ನಿಲ್ಲುವುದಿಲ್ಲ. ಮೊಬೈಲ್ ಪರದೆಯಲ್ಲಿ ಸಂಕೇತದ ಗೆರೆಗಳು ಪೂರ್ತಿ ಕಾಣುತ್ತವೆ, ಪುಟ ಮಾತ್ರ ತೆರೆಯುವುದಿಲ್ಲ. ಹೀಗೇಕೆ?

ಎರಡು ಕಡೆಯ ಮಾತು

ರೇಡಿಯೊ ಕೇಂದ್ರ ಮಾತನಾಡಿದರೆ ಸಾಕು, ಕೇಳುಗ ಉತ್ತರಿಸಬೇಕಿಲ್ಲ. ವೈ-ಫೈ ಹಾಗಲ್ಲ. ಇಲ್ಲಿ ಕಳುಹಿಸಿದ ಪ್ರತಿ ಕಂತಿಗೂ ಎದುರಿನ ಸಾಧನ ‘ತಲುಪಿತು’ ಎಂದು ಮರುನುಡಿಯಬೇಕು. ಅಮೆರಿಕದ ದೂರಸಂಪರ್ಕ ಆಯೋಗದ ನಿಯಮದಂತೆ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಪರವಾನಗಿ ಇಲ್ಲದೆ ಗರಿಷ್ಠ 1 ವ್ಯಾಟ್ ಶಕ್ತಿಯ ಪ್ರಸಾರಕವನ್ನು ಬಳಸಬಹುದು. ಸುತ್ತಲೂ ಪ್ರಸಾರ ಮಾಡುವ ಆಂಟೆನಾ ಸೇರಿದಾಗ ಅದರ ಪರಿಣಾಮ 4 ವ್ಯಾಟ್‌ವರೆಗೆ ಇರಬಹುದು. ಅತಿಥಿಯ ಕೈಯಲ್ಲಿರುವ ಮೊಬೈಲಿನ ವೈ-ಫೈ ಶಕ್ತಿಯಾದರೋ ಸಾಮಾನ್ಯವಾಗಿ 100 ಮಿಲಿವ್ಯಾಟ್‌ಗಿಂತ ಕಡಿಮೆ.

ದೇವಸ್ಥಾನದ ಧ್ವನಿವರ್ಧಕ ಊರಿಗೆಲ್ಲ ಕೇಳಿಸುತ್ತದೆ. ಊರಂಚಿನ ಮನೆಯವರು ಮೆಲುದನಿಯಲ್ಲಿ ಆಡಿದ ಮಾತು ದೇವಸ್ಥಾನಕ್ಕೆ ಕೇಳಿಸದು. ಎತ್ತರದ ಕಂಬದ ತೊಡಕೂ ಇದೇ. ಉತ್ತಮ ಆಂಟೆನಾ ಆಲಿಸುವಾಗಲೂ ನೆರವಾಗುತ್ತದೆಂಬುದು ನಿಜ. ಆದರೆ ಎತ್ತರದಲ್ಲಿ ಕುಳಿತ ಅದು ದೂರದ ಮೊಬೈಲಿನ ಕ್ಷೀಣ ದನಿಯೊಂದಿಗೆ ಸುತ್ತಲಿನ ಗದ್ದಲವನ್ನೂ ಹೀರಿಕೊಳ್ಳುತ್ತದೆ.

ಲೋಹದ ಗೋಡೆ, ಹಸಿ ಎಲೆ

ದೂರ ಇಮ್ಮಡಿಸಿದರೆ ತಲುಪುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಅಡೆತಡೆಯಿಲ್ಲದ ಬಯಲಿನ ಲೆಕ್ಕ. ತಂಗುದಾಣದಲ್ಲಿ ಇನ್ನೆರಡು ವಿಘ್ನಗಳಿವೆ.

ಮೊದಲನೆಯದು ವಾಹನದ ಮೈ. ಲೋಹದ ಹೊದಿಕೆಯೊಳಗೆ ವಿದ್ಯುತ್ ಪ್ರಭಾವ ನುಸುಳದೆಂಬುದನ್ನು ವಿಜ್ಞಾನಿ ಮೈಕೆಲ್ ಫ್ಯಾರಡೆ 1836ರಲ್ಲೇ ತೋರಿಸಿದ್ದ. ಅಲ್ಯೂಮಿನಿಯಂ ಹೊದಿಕೆಯ ಗಾಲಿಮನೆಯೂ ಬಹುಮಟ್ಟಿಗೆ ಅಂಥದೇ ಪಂಜರ. ಕಿಟಕಿಗಳ ಮೂಲಕ ನುಸುಳಿದಷ್ಟೇ ಸಂಕೇತ ಒಳಗಿರುವವರ ಪಾಲಿಗೆ. ಅಲ್ಲದೆ ಸಾಲಾಗಿ ನಿಂತ ವಾಹನಗಳು ಒಂದರ ಹಿಂದಿನ ಇನ್ನೊಂದಕ್ಕೆ ಅಡ್ಡಗೋಡೆಯಾಗುತ್ತವೆ.

ಎರಡನೆಯದು ಮರ. ಎಲೆಗಳಲ್ಲಿರುವ ನೀರು ಈ ತರಂಗಗಳನ್ನು ಹೀರುತ್ತದೆ, ಚದುರಿಸುತ್ತದೆ. ಅತಿಥಿಗಳಿಲ್ಲದ ಚಳಿಗಾಲದಲ್ಲಿ, ಎಲೆ ಉದುರಿದ ಮರಗಳ ನಡುವೆ ಸಾಧನಗಳನ್ನು ಅಳವಡಿಸಿ ಪರೀಕ್ಷಿಸಿದಾಗ ಎಲ್ಲವೂ ಸುಸೂತ್ರ. ಜೂನ್ ಹೊತ್ತಿಗೆ ಮರಗಳು ಚಿಗುರಿ, ತಾಣ ತುಂಬಿದಾಗ ಅದೇ ಜಾಲ ಕುಂಟತೊಡಗುತ್ತದೆ.

ಗಾಳಿಯೂ ಹಂಚಿಕೆಯ ಸೊತ್ತು

ಒಂದು ವಾಹಿನಿಯಲ್ಲಿ ಒಮ್ಮೆಗೆ ಒಂದೇ ಸಾಧನ ಮಾತನಾಡಬೇಕು, ಉಳಿದವು ಸರದಿ ಕಾಯಬೇಕು. ಇದು ವೈ-ಫೈನ ಮೂಲ ಶಿಸ್ತು. ದೂರದ ಸಾಧನ ಸಂಕೇತ ದುರ್ಬಲವೆಂದು ನಿಧಾನ ವೇಗಕ್ಕೆ ಇಳಿಯುತ್ತದೆ, ಅಷ್ಟೇ ಮಾಹಿತಿಗೆ ಹೆಚ್ಚು ಹೊತ್ತು ಗಾಳಿಯನ್ನು ಹಿಡಿದಿಡುತ್ತದೆ. ಹೀಗೆ ತಾಣದ ಅಂಚಿನ ಒಂದು ಹಳೆಯ ಲ್ಯಾಪ್‌ಟಾಪ್ ಕಂಬದ ಬುಡದಲ್ಲಿರುವವರನ್ನೂ ನಿಧಾನಗೊಳಿಸಬಲ್ಲದು. ಅಮೆರಿಕದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ವಾಹಿನಿಗಳು 1, 6, 11 ಎಂಬ ಮೂರೇ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ವಾಹಿನಿಗಳು ಹೆಚ್ಚು, ಆದರೆ ಎಲೆ-ಗೋಡೆಗಳೆದುರು ಅದು ಬೇಗ ಸೋಲುತ್ತದೆ.

ಹೊರಗಿನಿಂದ ಬರುವ ಸಂಪರ್ಕದ ಲೆಕ್ಕವೂ ಮುಖ್ಯ. 100 ನಿಲುಗಡೆಗಳ ತಾಣದಲ್ಲಿ ರಾತ್ರಿ ಎಂಟಕ್ಕೆ 40 ಕುಟುಂಬಗಳು ಚಲನಚಿತ್ರ ನೋಡಲು ಕುಳಿತವೆಂದು ಭಾವಿಸಿ. ತಲಾ 5 ಮೆಗಾಬಿಟ್ ಎಂದರೂ ಸೆಕೆಂಡಿಗೆ 200 ಮೆಗಾಬಿಟ್ ಬೇಕು. ಅಷ್ಟು ಒದಗದಿದ್ದರೆ ಎಷ್ಟೇ ಆಂಟೆನಾ ನಿಲ್ಲಿಸಿದರೂ ವ್ಯರ್ಥ.

ಹಾಗಾದರೆ ಮಾಡಬೇಕಾದ್ದೇನು?

ಒಂದು ದೊಡ್ಡ ದನಿಯ ಬದಲು ಹಲವು ಮೆಲುದನಿಗಳನ್ನು ಹತ್ತಿರ ಹತ್ತಿರ ಇಡುವುದೇ ಪರಿಹಾರ. ಅಂದರೆ ಮಳೆ-ಬಿಸಿಲು ತಡೆಯುವ ಚಿಕ್ಕ ವೈ-ಫೈ ಪೆಟ್ಟಿಗೆಗಳನ್ನು ಕೆಲವು ನಿಲುಗಡೆಗಳಿಗೊಂದರಂತೆ, ಎಲೆಗಳ ಚಪ್ಪರಕ್ಕಿಂತ ಕೆಳಗೆ, ಕಿಟಕಿಗಳ ಕಡೆಗೆ ಮುಖ ಮಾಡಿ ಅಳವಡಿಸಬೇಕು. ಪ್ರತಿ ನಿಲುಗಡೆಯಲ್ಲೂ ವಿದ್ಯುತ್ ಕಂಬವಿರುವುದು ಇದಕ್ಕೆ ಅನುಕೂಲ. ಪೆಟ್ಟಿಗೆಗಳ ಪ್ರಸಾರ ಶಕ್ತಿಯನ್ನು ತಗ್ಗಿಸಿ, ಅಕ್ಕಪಕ್ಕದವಕ್ಕೆ ಬೇರೆ ಬೇರೆ ವಾಹಿನಿ ಕೊಟ್ಟು, ತೀರ ಹಳೆಯ ನಿಧಾನ ವೇಗಗಳನ್ನು ಸ್ಥಗಿತಗೊಳಿಸಿದರೆ ಗದ್ದಲ ಇಳಿಯುತ್ತದೆ.

ಪೆಟ್ಟಿಗೆಗಳನ್ನು ಕಚೇರಿಗೆ ಜೋಡಿಸಲು ನೆಲದಡಿಯ ಆಪ್ಟಿಕಲ್ ಫೈಬರ್ ಉತ್ತಮ. ತಾಮ್ರದ ಈಥರ್‌ನೆಟ್ ತಂತಿ ಮಾಹಿತಿಯ ಜತೆಗೆ ವಿದ್ಯುತ್ತನ್ನೂ ಒಯ್ಯಬಲ್ಲದು, ಆದರೆ ಅದರ ಮಿತಿ 100 ಮೀಟರ್. ಸಿಡಿಲಿನ ಆಘಾತವನ್ನೂ ಅದು ಒಂದು ಸಾಧನದಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಗಾಜಿನ ಎಳೆಗೆ ಆ ಭಯವಿಲ್ಲ. ಪೆಟ್ಟಿಗೆ, ಕಂಬಗಳಿಗೆ ಭೂಸಂಪರ್ಕ ನೀಡುವುದನ್ನಂತೂ ಮರೆಯುವಂತಿಲ್ಲ.

ಕಾಲುವೆ ತೋಡಲಾಗದ ಕಡೆ ಎರಡು ಕಂಬಗಳ ನಡುವೆ ನೇರ ನಿಸ್ತಂತು ಸೇತುವೆ ಕಟ್ಟಬಹುದು. ಆದರೆ ಕಣ್ಣಿಗೆ ಎದುರು ಕಂಬ ಕಂಡರಷ್ಟೇ ಸಾಲದು. 5.8 ಗಿಗಾಹರ್ಟ್ಸ್‌ನಲ್ಲಿ 300 ಮೀಟರ್ ದೂರದ ಸೇತುವೆಗೆ ನಡುದಾರಿಯಲ್ಲಿ ಆ ನೇರ ಗೆರೆಯ ಸುತ್ತ ಸುಮಾರು 2 ಮೀಟರ್‌ವರೆಗೆ ಬಯಲಿದ್ದರೆ ಒಳ್ಳೆಯದು. ಅಲ್ಲಿ ರೆಂಬೆ ಚಾಚಿದರೆ ಸಂಪರ್ಕ ಸೊರಗುತ್ತದೆ.

ಅಪರಿಚಿತರೆಲ್ಲ ಒಂದೇ ಜಾಲದಲ್ಲಿ ಸೇರುವುದರಿಂದ ಒಬ್ಬರ ಸಾಧನ ಇನ್ನೊಬ್ಬರದಕ್ಕೆ ಕಾಣದಂತೆ ಪ್ರತ್ಯೇಕಿಸುವುದು, ತಲಾ ವೇಗಕ್ಕೆ ಮಿತಿ ಹಾಕುವುದು ಅಗತ್ಯ. ಆದರೆ ಅತಿಥಿಗಳ ಸ್ವಂತ ಮೊಬೈಲ್ ಹಾಟ್‌ಸ್ಪಾಟ್‌ಗಳಿಗೆ ತಡೆಯೊಡ್ಡುವಂತಿಲ್ಲ. ಹಾಗೆ ಮಾಡಿದ ನ್ಯಾಶ್‌ವಿಲ್‌ನ ಹೋಟೆಲೊಂದರ ಪ್ರಕರಣದಲ್ಲಿ ಅದನ್ನು ನಡೆಸುತ್ತಿದ್ದ ಸಂಸ್ಥೆ 2014ರಲ್ಲಿ 6 ಲಕ್ಷ ಡಾಲರ್ ದಂಡ ತೆರಬೇಕಾಯಿತು.

2022ರಿಂದ ಸ್ಟಾರ್‌ಲಿಂಕ್ ಸಂಸ್ಥೆ ಆರ್‌ವಿಗಳಿಗಾಗಿಯೇ ಉಪಗ್ರಹ ಸಂಪರ್ಕ ಒದಗಿಸತೊಡಗಿದ ಮೇಲೆ ಹಲವರು ತಮ್ಮದೇ ತಟ್ಟೆ ಆಂಟೆನಾ ತರುತ್ತಾರೆ. ಆದರೆ ಅದಕ್ಕೂ ತೆರೆದ ಆಕಾಶ ಬೇಕು. ಅತಿಥಿಗಳು ಕೇಳಿ ಪಡೆಯುವ ಮರದ ನೆರಳೇ ಅಲ್ಲಿ ಅಡ್ಡಿ.

ತುರ್ತು ಕರೆಯ ಪ್ರಶ್ನೆ

ಎಲ್ಲಕ್ಕಿಂತ ಮಿಗಿಲಾದ ವಿಷಯ ಮತ್ತೊಂದಿದೆ. ಅಮೆರಿಕದಲ್ಲಿ ಮೊಬೈಲಿನ ವೈ-ಫೈ ಕರೆ ಸೌಲಭ್ಯ ಪಡೆಯುವಾಗ ತುರ್ತು ವಿಳಾಸವೊಂದನ್ನು ನಮೂದಿಸಬೇಕು. ಊರೂರು ಸುತ್ತುವವರು ಅದನ್ನು ಬದಲಿಸುವುದನ್ನು ಮರೆತರೆ, ಎದೆನೋವೆಂದು 911ಕ್ಕೆ ಕರೆ ಮಾಡಿದಾಗ ಸಿಬ್ಬಂದಿಗೆ ನೂರಾರು ಮೈಲಿ ದೂರದ ಮನೆಯ ವಿಳಾಸ ಕಾಣುವ ಸಂಭವವಿದೆ. ಬಿರುಗಾಳಿಗೆ ವಿದ್ಯುತ್ ಹೋದರೆ ವೈ-ಫೈ ಕೂಡ ಅದರೊಂದಿಗೇ ನಿಲ್ಲುತ್ತದೆ.

ಆದ್ದರಿಂದ ಮುಖ್ಯ ಸಾಧನಗಳಿಗೆ ಬ್ಯಾಟರಿಯ ಬೆಂಬಲ ಬೇಕು. ವೈ-ಫೈ ಸಂಕೇತಪದ ಬರೆದುಕೊಡುವ ಚೀಟಿಯಲ್ಲೇ ತಂಗುದಾಣದ ಪೂರ್ಣ ವಿಳಾಸ, ನಿಲುಗಡೆಯ ಸಂಖ್ಯೆ ಇರಬೇಕು. ಜಾಲವನ್ನು ಪರೀಕ್ಷಿಸುವುದಾದರೆ ಎಲೆ ತುಂಬಿದ ಬೇಸಿಗೆಯಲ್ಲಿ, ತಾಣ ಭರ್ತಿಯಾದ ರಾತ್ರಿ, ಬಾಗಿಲು ಮುಚ್ಚಿದ ಗಾಲಿಮನೆಯೊಳಗೆ ಕುಳಿತು ಪರೀಕ್ಷಿಸಬೇಕು. ಅತಿಥಿಗೆ ಅದು ಬೇಕಾಗುವುದು ಅಲ್ಲಿ, ಆ ಹೊತ್ತಿನಲ್ಲಿ.