ನೀಟ್‌ಗೆ ಮೊದಲು ಒಮ್ಮೆ ವಾರ್ಡ್ ನೋಡಲಿ

ಮಗ ಅಥವಾ ಮಗಳು ಪಿಯುಸಿ ಸೈನ್ಸ್‌ಗೆ ಸೇರಿದ ಕೂಡಲೇ ನಮ್ಮ ಮನೆಗಳಲ್ಲಿ ನೀಟ್ ಮಾತು ಶುರು. ಕೋಚಿಂಗ್ ಫೀಸಿಗೆ ಉಮ್ಮನ ಚಿನ್ನ ಅಡವಿಡುವವರೂ ಇದ್ದಾರೆ. ಆದರೆ ಆ ಮಕ್ಕಳು ಒಂದು ದಿನವಾದರೂ ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ನೋಡಿದ್ದಾರಾ?

ನಿಜ, ಎಂಬಿಬಿಎಸ್ ಸೀಟಿಗೆ ಬೇಕಾದದ್ದು 720ರ ನೀಟ್ ಅಂಕ. ಸೇವೆಗೆ ಅಲ್ಲಿ ಒಂದು ಅಂಕವೂ ಇಲ್ಲ. ಅಮೆರಿಕ, ಬ್ರಿಟನ್‌ನ ಮೆಡಿಕಲ್ ಕಾಲೇಜುಗಳು ಮಾತ್ರ ಅರ್ಜಿಯಲ್ಲಿ ಈ ಅನುಭವವನ್ನೂ ನೋಡುತ್ತವೆ. ನಮಗೆ ಅದು ಬೇಕಿರುವುದು ಬೇರೆ ಕಾರಣಕ್ಕೆ. ರಕ್ತ, ನರಳಾಟ ಕಂಡ ಮೇಲೂ ಮನಸ್ಸು ಗಟ್ಟಿ ಇದೆಯಾ ಎಂದು ಮಕ್ಕಳಿಗೇ ತಿಳಿಯಬೇಕು.

ದಾರಿ ದೂರವಿಲ್ಲ. ಕೋಝಿಕ್ಕೋಡ್‌ನಲ್ಲಿ 1993ರಲ್ಲಿ ಶುರುವಾದ ಪಾಲಿಯೇಟಿವ್ ಸೇವೆ ಬೆಳೆದದ್ದು ಊರಿನ ಸ್ವಯಂಸೇವಕರಿಂದ. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಜೊತೆ ಅವರೂ ಹೋಗುತ್ತಾರೆ. ನಮ್ಮಲ್ಲೂ ಅಂಥ ಸೇವೆ ಇದ್ದಲ್ಲಿ ಕೇಳಿ ನೋಡಿ. ರಕ್ತದಾನ ಶಿಬಿರದಲ್ಲಿ ಹೆಸರು ಬರೆಯಬಹುದು. ಮೇಲಧಿಕಾರಿಯ ಅನುಮತಿ ಪಡೆದು ಸರಕಾರಿ ಆಸ್ಪತ್ರೆಯಲ್ಲಿ ನೆರವಾಗಬಹುದು. ಬ್ಯಾರಿ, ತುಳು ಮಾತ್ರ ಬಲ್ಲ ಹಿರಿಯರಿಗೆ ಲ್ಯಾಬ್, ಮದ್ದಿನ ಕೌಂಟರ್ ತೋರಿಸುವುದೂ ದೊಡ್ಡ ಸೇವೆಯೇ.

ಎರಡು ಷರತ್ತು. ಇಂಜೆಕ್ಷನ್, ಗಾಯ ಮುಟ್ಟಬಾರದು. ರೋಗಿಯ ಫೋಟೊ, ಕಾಯಿಲೆಯ ಸುದ್ದಿ ವಾಟ್ಸಾಪ್‌ಗೆ ಹೋಗಬಾರದು.

ರಜೆಯಲ್ಲಿ ವಾರಕ್ಕೊಂದು ದಿನ ಕಳುಹಿಸಿ. ಬಂದು "ನನ್ನಿಂದ ಆಗುದಿಲ್ಲ ಉಮ್ಮಾ" ಎಂದರೆ ಬೈಯಬೇಡಿ. ಇನ್ನೊಂದು ವರ್ಷ, ಇನ್ನೊಂದು ಬಳೆ ಹೋಗುವ ಮೊದಲೇ ಗೊತ್ತಾಯಿತಲ್ಲ! "ಆಗ್ತದೆ" ಎಂದರೆ, ಆ ಓದಿಗೆ ಬೆನ್ನು ಕೊಡಿ.